ಕಬ್ಬಿಣಕ್ಕಷ್ಟೇ ಓಗೊಡುವ ಕಿವಿ

ಕವಲೇದುರ್ಗದ ಕೋಟೆ ಹತ್ತಿ ನೆತ್ತಿಯಲ್ಲಿ ನಿಂತವರಿಗೆ ಕಾಡಿನ ಹಸುರಿನ ನಡುವೆ ನೀರು ಹೊಳೆಯುವುದು ಕಾಣುತ್ತದೆ. ಕೆಳದಿಯ ಅರಸರು ಇಲ್ಲಿದ್ದಾಗ ಆ ನೀರು ಅಲ್ಲಿರಲಿಲ್ಲ. ಅದು ವಾರಾಹಿ ಯೋಜನೆಯ ಹಿನ್ನೀರು. ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಈ ನೀರು ಘಟ್ಟ ಇಳಿದು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ಪಕ್ಕದ ಸಾಗರ ಸೀಮೆಯಲ್ಲಿ ಶರಾವತಿ ನದಿ ಇದೇ ಚಾಕರಿಯನ್ನು ಜೋಗದ ಬಳಿ 1948ರಿಂದ ಮಾಡಿಕೊಂಡು ಬಂದಿದೆ. ಯಂತ್ರದ ಗಾತ್ರ ಎಷ್ಟೇ ದೊಡ್ಡದಿರಲಿ, ಒಳಗೆ ನಡೆಯುವುದು ಇಷ್ಟೇ: ತಾಮ್ರದ ತಂತಿಯ ಸುರುಳಿಯ ಎದುರು ಅಯಸ್ಕಾಂತವೊಂದು ಚಲಿಸುತ್ತದೆ, ಚಲಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ಗುಟ್ಟು ಇದು.

ಇದೇ ಗುಟ್ಟು ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾಗಿ ಇನ್ನೊಂದು ಕಡೆ ಕೆಲಸ ಮಾಡುತ್ತಿದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯಂಥ ಜಾತ್ರೆಗಳಲ್ಲಿ ರಸಮಂಜರಿ ಕೇಳಲು ಕುಳಿತವರು ಅದರ ಸದ್ದನ್ನು ಗಮನಿಸಿರಬಹುದು. ಹಾಡು ಇನ್ನೂ ಶುರುವಾಗಿರುವುದಿಲ್ಲ. ಗಿಟಾರಿನವನು ವಯರನ್ನು ಸಿಕ್ಕಿಸುತ್ತಾನೆ. ಅವನು ತಂತಿ ಮುಟ್ಟುವ ಮೊದಲೇ ಪೆಟ್ಟಿಗೆಯಿಂದ ‘ಗುಂಯ್’ ಎಂಬ ಸದ್ದು ಏಳುತ್ತದೆ. ಜನ ಮೈಕಿನವನ ಕಡೆ ತಿರುಗಿ ನೋಡುತ್ತಾರೆ, ಅವನು ನಿರಪರಾಧಿ. ಗಿಟಾರಿನವನು ನಿಂತಲ್ಲೇ ಅರ್ಧ ಸುತ್ತು ತಿರುಗುತ್ತಾನೆ, ಸದ್ದು ಸ್ವಲ್ಪ ಇಳಿಯುತ್ತದೆ. ವೇದಿಕೆಯ ದೀಪಗಳು, ಟ್ಯೂಬ್‌ಲೈಟಿನ ಚೋಕು, ಹಿಂದೆ ಎಳೆದ ವಯರುಗಳು, ಇವೆಲ್ಲವೂ ತಮ್ಮ ಸುತ್ತ ಸೆಕೆಂಡಿಗೆ 50 ಬಾರಿ ಹಿಂದು ಮುಂದಾಗುವ ಕಾಂತಕ್ಷೇತ್ರವನ್ನು ಚೆಲ್ಲುತ್ತಿರುತ್ತವೆ. ಒಂದೇ ಜಾಲಕ್ಕೆ ಸೇರಿದ ವಿದ್ಯುದಾಗಾರಗಳೆಲ್ಲ ಒಂದೇ ಲಯದಲ್ಲಿ ತಿರುಗಬೇಕಾದ್ದರಿಂದ, ಆ ‘ಗುಂಯ್’ ಸದ್ದು ಹೊಸಂಗಡಿಯ ಯಂತ್ರದ್ದೂ ಹೌದು, ಶರಾವತಿಯದ್ದೂ ಹೌದು. ಗಿಟಾರಿನ ಮೈಮೇಲಿರುವ ಪುಟ್ಟ ಸುರುಳಿ ಅದನ್ನು ಹಿಡಿದು ನಮಗೆ ಕೇಳಿಸುತ್ತಿದೆ, ಅಷ್ಟೇ.

ಆ ಸುರುಳಿಗೆ ಪಿಕಪ್ ಎಂದು ಹೆಸರು. ತಂತಿಗಳ ಕೆಳಗೆ ಅಡ್ಡಲಾಗಿ ಕೂರಿಸಿದ, ಮೇಲೆ ಆರು ಲೋಹದ ಚುಕ್ಕೆಗಳು ಕಾಣುವ ಕಪ್ಪು ಅಥವಾ ಬಿಳಿಯ ಪಟ್ಟಿಯೇ ಅದು. ಅನೇಕರು ಅದನ್ನು ಒಂದು ಬಗೆಯ ಮೈಕು ಎಂದುಕೊಂಡಿದ್ದಾರೆ. ಆದರೆ ಮೈಕು ಗಾಳಿಯ ಅಲುಗಾಟವನ್ನು ಕೇಳುತ್ತದೆ. ಪಿಕಪ್‌ಗೆ ಗಾಳಿಯ ಗೊಡವೆಯೇ ಇಲ್ಲ. ಸರಿಯಾಗಿ ಕಟ್ಟಿದ ಪಿಕಪ್ಪಿನ ಎದುರು ಬಾಯಿಟ್ಟು ಕೂಗಿದರೂ ಪೆಟ್ಟಿಗೆಯಿಂದ ಏನೂ ಹೊರಡುವುದಿಲ್ಲ. ಅದರ ಅಯಸ್ಕಾಂತ ತನ್ನ ಮೇಲೆ ಹಾದುಹೋಗುವ ಉಕ್ಕಿನ ತಂತಿಯ ತುಣುಕೊಂದನ್ನು ತನ್ನಂತೆಯೇ ಅಯಸ್ಕಾಂತವನ್ನಾಗಿ ಮಾಡಿಕೊಳ್ಳುತ್ತದೆ. ತಂತಿ ಮಿಡಿದಾಗ ಆ ತುಣುಕು ಅಲ್ಲಾಡುತ್ತದೆ, ಸುರುಳಿಯೊಳಗಿನ ಕಾಂತಕ್ಷೇತ್ರ ಅದರ ಜೊತೆ ಏರಿಳಿಯುತ್ತದೆ, ತಾಮ್ರದಲ್ಲಿ ಅದೇ ಲಯದ ವಿದ್ಯುತ್ತು ಹರಿಯುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1035 ಮೆಗಾವಾಟ್; ಗಿಟಾರಿನ ಈ ವಿದ್ಯುದಾಗಾರ ಕೊಡುವುದು ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಉಳಿದ ಅಬ್ಬರವೆಲ್ಲ ಆಂಪ್ಲಿಫಯರಿನದು.

ಈ ಕಿವಿಗೆ ಕೇಳಿಸುವುದು ಕಬ್ಬಿಣ ಮತ್ತು ಅದರ ಬಂಧುಗಳಾದ ನಿಕ್ಕಲ್ಲಿನಂಥ ಲೋಹಗಳು ಮಾತ್ರ. ನೈಲಾನ್ ತಂತಿ ಕಟ್ಟಿ ನುಡಿಸಿದರೆ ಅದು ಪೂರಾ ಕಿವುಡು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ವೀಣೆಯ ವಿಚಾರಕ್ಕೆ ಬಂದಾಗ ಇದೇ ಕುತ್ತಾಗುತ್ತದೆ.

ಗಿಟಾರಿಗೆ ಈ ಕಿವಿ ಬಂದದ್ದು 1931ರ ಸುಮಾರಿಗೆ, ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. ಬ್ಯಾಂಡುಗಳ ತುತ್ತೂರಿ, ನಗಾರಿಗಳ ನಡುವೆ ಗಿಟಾರಿನ ದನಿ ಮುಳುಗಿಹೋಗುತ್ತಿತ್ತು. ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಹವಾಯಿ ಗಿಟಾರಿನ ವಾದಕ ಜಾರ್ಜ್ ಬೋಶಾಂ, ಅಡಾಲ್ಫ್ ರಿಕನ್‌ಬ್ಯಾಕರ್ ಎಂಬ ಕಾರ್ಖಾನೆದಾರನೊಡನೆ ಸೇರಿ, ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತಗಳ ನಡುವೆ ತಂತಿಗಳನ್ನು ಹಾಯಿಸಿದ. ಗಿಟಾರಿನ ಒಡಲು ಎರಕದ ಅಲ್ಯುಮಿನಿಯಂನದು. ದುಂಡನೆಯ ಒಡಲು, ಉದ್ದನೆಯ ಕತ್ತು. ನೋಡಿದವರು ಅದಕ್ಕೆ ‘ಬಾಣಲೆ’ ಎಂದೇ ಅಡ್ಡಹೆಸರಿಟ್ಟರು. ಪೇಟೆಂಟು ಸಿಕ್ಕಿದ್ದು 1937ರಲ್ಲಿ. ಮರವೇ ಇಲ್ಲದ, ಟೊಳ್ಳೇ ಇಲ್ಲದ ವಾದ್ಯವೊಂದು ಸಂಗೀತ ನುಡಿಸಬಲ್ಲುದು ಎಂಬುದನ್ನು ಆ ಬಾಣಲೆ ತೋರಿಸಿಕೊಟ್ಟಿತು. ಗಾಳಿಯನ್ನು ಅಲುಗಿಸುವ ಹೊಣೆ ಒಡಲಿನಿಂದ ಇಳಿದು ಪೆಟ್ಟಿಗೆಯ ಪಾಲಾಗಿತ್ತು.

ಹಾಗಾದರೆ ಒಂದು ಪಿಕಪ್ಪಿನ ದನಿ ಇನ್ನೊಂದರಂತೆ ಏಕಿಲ್ಲ? ಎರಡರಲ್ಲಿಯೂ ಇರುವುದು ಅಯಸ್ಕಾಂತ ಮತ್ತು ತಾಮ್ರ ತಾನೆ?

ಮೊದಲು ತಾಮ್ರವನ್ನು ನೋಡೋಣ. ಕ್ಯಾಲಿಫೋರ್ನಿಯಾದ ರೇಡಿಯೋ ರಿಪೇರಿಯವನಾಗಿದ್ದ ಲಿಯೋ ಫೆಂಡರ್ 1954ರಲ್ಲಿ ಹೊರತಂದ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರಿನ ಒಂದೊಂದು ಪಿಕಪ್ಪಿನಲ್ಲಿಯೂ ಸುಮಾರು 8000 ಸುತ್ತು ತಂತಿಯಿರುತ್ತದೆ. (ಈ ಮಹಾಶಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.) ತಂತಿಯ ದಪ್ಪ ಒಂದು ಮಿಲಿಮೀಟರಿನ ನೂರನೆಯ ಆರು ಭಾಗ, ಅಂದರೆ ಹೆಚ್ಚುಕಡಿಮೆ ನಮ್ಮ ತಲೆಗೂದಲಿನಷ್ಟು. ಬಿಚ್ಚಿ ಎಳೆದರೆ ಒಂದು ಕಿಲೋಮೀಟರನ್ನೂ ದಾಟೀತು. ಸುತ್ತು ಹೆಚ್ಚಿದಷ್ಟೂ ಹುಟ್ಟುವ ವಿದ್ಯುತ್ತು ಜಾಸ್ತಿ, ಸದ್ದು ಜೋರು. ಹಾಗೆಂದು ಸುತ್ತುತ್ತಲೇ ಹೋಗುವಂತಿಲ್ಲ. ಸುರುಳಿಗೆ ಒಂದು ಸ್ವಭಾವವಿದೆ: ತನ್ನಲ್ಲಿ ಹರಿಯುವ ವಿದ್ಯುತ್ತು ಬದಲಾಗುವುದನ್ನು ಅದು ವಿರೋಧಿಸುತ್ತದೆ. ನಿಧಾನವಾಗಿ ಬದಲಾದರೆ ಸಹಿಸೀತು. ವೇಗವಾಗಿ ಬದಲಾದರೆ ಬಲವಾಗಿ ತಡೆಯುತ್ತದೆ. ಸುತ್ತು ಹೆಚ್ಚಾದಂತೆ ಈ ಹಟವೂ ಹೆಚ್ಚುತ್ತದೆ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಮಂದ್ರದ ಸ್ವರಗಳು ಸಲೀಸಾಗಿ ಹೊರಬರುತ್ತವೆ, ಮೇಲಿನ ಸಣ್ಣ ಮಿಂಚುಗಳು ಒಳಗೇ ಇಂಗಿಹೋಗುತ್ತವೆ.

ಆ ‘ಮಿಂಚುಗಳು’ ಏನೆಂದು ತಂಬೂರಿ ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಚೆನ್ನಾಗಿ ಶ್ರುತಿಗೊಂಡ ತಂಬೂರಿಯ ಮಂದ್ರದ ತಂತಿಯನ್ನು ಮೀಟಿದರೆ ಷಡ್ಜದ ಜೊತೆಗೆ ಯಾರೂ ಮೀಟದ ಅಂತರ ಗಾಂಧಾರವೂ ತೇಲಿಬರುತ್ತದೆ. ಯಾವ ತಂತಿಯೂ ಒಂದೇ ಸ್ವರವನ್ನು ನುಡಿಯುವುದಿಲ್ಲ. ಇಡಿಯಾಗಿ ಕಂಪಿಸುವುದರ ಜೊತೆಗೇ ಎರಡು ಭಾಗವಾಗಿ, ಮೂರಾಗಿ, ನಾಲ್ಕಾಗಿ, ಐದಾಗಿ ಕೂಡ ಕಂಪಿಸುತ್ತಿರುತ್ತದೆ. ಈ ಉಪಸ್ವರಗಳಲ್ಲಿ ಯಾವುದು ಎಷ್ಟು ಎಂಬ ಹದವೇ ನಾದದ ಗುಣ. ಪಿಕಪ್ ಕಟ್ಟುವವನು ಅರಿತೋ ಅರಿಯದೆಯೋ ಈ ಹದದ ಮೇಲೆ ಕೈಯಾಡಿಸುತ್ತಿರುತ್ತಾನೆ. ಫೆಂಡರ್ ಮಾದರಿಯ ಸುರುಳಿ, ವಯರಿನ ಜೊತೆ ಸೇರಿ, ಸೆಕೆಂಡಿಗೆ ನಾಲ್ಕೈದು ಸಾವಿರ ಕಂಪನಗಳ ಆಸುಪಾಸಿನಲ್ಲಿ ಉಬ್ಬೊಂದನ್ನು ಕೊಡುತ್ತದೆ. ಆ ಗಿಟಾರಿನ ಗಾಜಿನಂಥ ಹೊಳಪು ಬರುವುದು ಅಲ್ಲಿಂದ. ಹೆಚ್ಚು ಸುತ್ತಿನ ಸುರುಳಿಯಲ್ಲಿ ಉಬ್ಬು ಕೆಳಗಿಳಿದು ಮೂರು ಸಾವಿರದ ಹತ್ತಿರ ಬರುತ್ತದೆ. ದನಿ ದಪ್ಪಗಾಗುತ್ತದೆ, ಹೊಳಪು ಮಾಸುತ್ತದೆ.

ಅಯಸ್ಕಾಂತದ ಕತೆ ಇಷ್ಟು ದೀರ್ಘವಲ್ಲ. ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿದ ಆಲ್ನಿಕೋ ಒಂದು ಬಗೆ, ಪಿಂಗಾಣಿಯಂಥ ಫೆರೈಟ್ ಇನ್ನೊಂದು. ಅಯಸ್ಕಾಂತದ ಕಡ್ಡಿಗಳನ್ನೇ ಸುರುಳಿಯ ನಡುವೆ ತೂರಿಸಿದರೆ ಒಂದು ದನಿ. ಅಯಸ್ಕಾಂತವನ್ನು ಕೆಳಗಿಟ್ಟು ಸುರುಳಿಯೊಳಗೆ ಉಕ್ಕಿನ ತಿರುಪುಗಳನ್ನು ಕೂರಿಸಿದರೆ ಸುರುಳಿಯ ಹಟ ಇನ್ನಷ್ಟು ಬೆಳೆದು ದನಿ ಮೆತ್ತಗಾಗುತ್ತದೆ. ಬಲವಾದ ಅಯಸ್ಕಾಂತವನ್ನು ತಂತಿಗೆ ತೀರ ಹತ್ತಿರ ತಂದರೆ ಅದು ಕೇಳಿಸಿಕೊಳ್ಳುವುದನ್ನು ಬಿಟ್ಟು ತಂತಿಯನ್ನೇ ಹಿಡಿದೆಳೆಯತೊಡಗುತ್ತದೆ. ಆಗ ನಾದ ಬೇಗ ಸಾಯುತ್ತದೆ, ಶ್ರುತಿಯೂ ಅದುರುತ್ತದೆ. ಒಂದೆರಡು ಮಿಲಿಮೀಟರು ಕೆಳಗಿಳಿಸಿದರೆ ವಾಸಿಯಾಗುವ ಈ ಕಾಯಿಲೆಗೆ ಹೊಸ ಗಿಟಾರು ಕೊಳ್ಳುವವರೂ ಇದ್ದಾರೆ.

ಸುತ್ತುವ ಕೈಯ ವಿಷಯ ಇದಕ್ಕಿಂತ ಸ್ವಾರಸ್ಯವಾದದ್ದು. ಯಂತ್ರ ಸುತ್ತಿದ ಸುರುಳಿಯಲ್ಲಿ ಎಳೆಗಳು ಒಂದರ ಮಗ್ಗುಲಲ್ಲಿ ಒಂದು ಒತ್ತಾಗಿ ಕೂರುತ್ತವೆ. ಕೈಯಲ್ಲಿ ನಡೆಸಿ ಸುತ್ತಿದರೆ ಅಡ್ಡಾದಿಡ್ಡಿಯಾಗಿ, ನಡುನಡುವೆ ಸಂದು ಬಿಟ್ಟು ಕೂರುತ್ತವೆ. ಒತ್ತಾಗಿ ಕುಳಿತ ಎಳೆಗಳ ನಡುವೆ ಮೇಲಿನ ಉಪಸ್ವರಗಳು ಕದ್ದು ದಾಟಿ ಸೋರಿಹೋಗುತ್ತವೆ. ಸಂದಿದ್ದಲ್ಲಿ ಸೋರಿಕೆ ಕಡಿಮೆ. 1956ರಲ್ಲಿ ಫೆಂಡರ್ ಕಾರ್ಖಾನೆಗೆ ಸೇರಿದ ಅಬಿಗೇಲ್ ಇಬಾರ್ರಾ ಎಂಬ ಕೆಲಸಗಾರ್ತಿ ದಶಕಗಳ ಕಾಲ ಸುರುಳಿ ಸುತ್ತಿದರು. ಅವರ ಕೈಯ ಪಿಕಪ್ಪುಗಳನ್ನು ವಾದಕರು ಹುಡುಕಿಕೊಂಡು ಹೋಗುವ ಕಾಲವೂ ಬಂತು. ಸುತ್ತಿ ಮುಗಿದ ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದುತ್ತಾರೆ. ಎಳೆಗಳು ಅಲುಗದಂತೆ ಕಚ್ಚಿಕೊಳ್ಳಲಿ ಎಂದು. ಇಲ್ಲವಾದರೆ ಜೋರಾದ ಸದ್ದಿಗೆ ಸುರುಳಿಯೇ ಅದುರಿ ಕಿರಿಚತೊಡಗುತ್ತದೆ. ನಮ್ಮ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಹಿಡಿದು ನಿಲ್ಲಿಸುವುದೂ ಮೇಣವೇ.

ಇನ್ನು ಪಿಕಪ್ ಕೂರಿಸುವ ಜಾಗ. ವೈಣಿಕರಿಗೆ ಇದು ಬೆರಳಿನ ಅನುಭವ: ಕುದುರೆಯ ಹತ್ತಿರ ಮೀಟಿದರೆ ದನಿ ಮೊನಚು, ದೂರ ಸರಿದು ಮೀಟಿದರೆ ದುಂಡು. ಪಿಕಪ್ಪಿನದೂ ಇದೇ ನಡತೆ. ಕುದುರೆಯ ಬಳಿ ತಂತಿ ಇಡಿಯಾಗಿ ಹೆಚ್ಚು ಅಲುಗುವುದಿಲ್ಲ, ಆದರೆ ಉಪಸ್ವರಗಳ ಸಣ್ಣ ಕಂಪನಗಳು ಅಲ್ಲಿ ಸಾಕಷ್ಟು ಇರುತ್ತವೆ. ಅಲ್ಲಿಟ್ಟ ಪಿಕಪ್ಪಿಗೆ ಕೇಳಿಸುವುದು ಚುರುಕು ದನಿ. ಕತ್ತಿನ ಕಡೆಯದಕ್ಕೆ ಕೇಳಿಸುವುದು ತುಂಬಿದ ದನಿ. ಬಿಟ್ಟ ತಂತಿಯ ಉದ್ದದ ಸರಿಯಾಗಿ ಕಾಲುಭಾಗದಲ್ಲಿ ಪಿಕಪ್ ಇದ್ದರೆ, ತಂತಿ ನಾಲ್ಕು ಪಾಲಾಗಿ ಕಂಪಿಸುವಾಗ ಅಲುಗದೆ ನಿಲ್ಲುವ ಬಿಂದು ಅಲ್ಲೇ ಬೀಳುವುದರಿಂದ, ಆ ಉಪಸ್ವರ ಅದಕ್ಕೆ ಕೇಳಿಸುವುದೇ ಇಲ್ಲ. ತಂತಿಯಲ್ಲಿ ಅದು ಇದೆ, ಪಿಕಪ್ಪಿಗೆ ಮಾತ್ರ ಇಲ್ಲ.

ಮತ್ತೆ ಜಾತ್ರೆಯ ‘ಗುಂಯ್’ ಸದ್ದಿಗೆ ಬರೋಣ. ಗಿಬ್ಸನ್ ಕಂಪನಿಯ ಇಂಜಿನಿಯರ್ ಸೇತ್ ಲವರ್ 1955ರಲ್ಲಿ ಇದಕ್ಕೊಂದು ಮದ್ದು ಹುಡುಕಿದ. ಒಂದು ಸುರುಳಿಯ ಬದಲು ಎರಡನ್ನು ಅಕ್ಕಪಕ್ಕ ಇಟ್ಟು, ಒಂದಕ್ಕೆ ಅಯಸ್ಕಾಂತದ ಉತ್ತರ ಮುಖವನ್ನೂ ಇನ್ನೊಂದಕ್ಕೆ ದಕ್ಷಿಣ ಮುಖವನ್ನೂ ಕೊಟ್ಟು, ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ. ಹೊರಗಿನಿಂದ ಬರುವ ಗುಂಯ್‌ಕಾರಕ್ಕೆ ಅಯಸ್ಕಾಂತದ ಮುಖ ಯಾವುದಾದರೇನು? ಅದು ಎರಡು ಸುರುಳಿಗಳಲ್ಲಿಯೂ ಒಂದೇ ತೆರನಾಗಿ ಹುಟ್ಟಿ, ವಿರುದ್ಧ ಜೋಡಣೆಯಿಂದಾಗಿ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ತಂತಿಯ ನಾದವಾದರೋ ಅಯಸ್ಕಾಂತದಿಂದಾಗಿ ಒಮ್ಮೆ ತಿರುವುಮುರುವಾಗಿ, ಜೋಡಣೆಯಿಂದ ಇನ್ನೊಮ್ಮೆ ತಿರುವುಮುರುವಾಗಿ, ಕಡೆಗೆ ನೆಟ್ಟಗೇ ಬಂದು ಕೂಡಿಕೊಳ್ಳುತ್ತದೆ. ಗುಂಯ್‌ಕಾರವನ್ನು ಒದ್ದೋಡಿಸುವ ಈ ಜೋಡಿಗೆ ಹಂಬಕರ್ ಎಂದು ಹೆಸರಾಯಿತು. 1957ರಲ್ಲಿ ಅದು ಗಿಟಾರುಗಳ ಮೇಲೆ ಬಂತು. ಪೇಟೆಂಟು ಕೈಗೆ ಬಂದಿರಲಿಲ್ಲವಾಗಿ, ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಎಂಬ ಚೀಟಿಯನ್ನು ಬೆನ್ನಿಗೆ ಅಂಟಿಸಿದ್ದರು. ಆ ಚೀಟಿಯಿರುವ ಪಿಕಪ್ಪಿಗೆ ಇಂದು ಒಂದು ಒಳ್ಳೆಯ ಹೊಸ ಗಿಟಾರಿಗಿಂತ ಹೆಚ್ಚಿನ ಬೆಲೆಯಿದೆ.

ಮದ್ದು ನಾಟಿತು, ರೋಗಿಯ ದನಿಯೂ ಬದಲಾಯಿತು. ಎರಡು ಸುರುಳಿ ಸರಣಿಯಲ್ಲಿ ಸೇರಿದ್ದರಿಂದ ಮೇಲಿನ ಉಪಸ್ವರಗಳಿಗೆ ತಡೆ ಹೆಚ್ಚಿತು. ಜೊತೆಗೆ, ಈ ಕಿವಿ ಈಗ ತಂತಿಯನ್ನು ಒಂದು ಜಾಗದಲ್ಲಲ್ಲ, ಸುಮಾರು ಎರಡು ಸೆಂಟಿಮೀಟರು ಅಂತರದ ಎರಡು ಜಾಗಗಳಲ್ಲಿ ಕೇಳುತ್ತಿತ್ತು. ತೀರ ಸಣ್ಣ ಅಲೆಗಳು ಒಂದು ಜಾಗದಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿದು ತಾವೇ ಅಳಿಸಿಹೋದವು. ಗುಂಯ್‌ಕಾರದ ಜೊತೆಗೆ ಕೊಂಚ ಕಾಂತಿಯೂ ಹೊರಟುಹೋಯಿತು. ಲವರನಿಗೆ ಬೇಕಿದ್ದುದು ನಿಶ್ಶಬ್ದ, ಅಷ್ಟೇ. ಸಿಕ್ಕಿದ್ದು ಹೊಸ ದನಿ. ದಪ್ಪನೆಯ, ಜೋರಾದ ಆ ದನಿ ಆಂಪ್ಲಿಫಯರನ್ನು ತುಸು ಬಿರಿಯುವಂತೆ ಮಾಡುತ್ತಿತ್ತು. ಮುಂದೆ ರಾಕ್ ಸಂಗೀತದವರು ಆ ಬಿರುಕನ್ನೇ ಬಯಸಿ ಪಡೆದರು. ಗುಂಯ್ ಇದ್ದರೂ ಸರಿ, ಹೊಳಪು ಇರಲಿ ಎಂದವರು ಫೆಂಡರ್ ಕಡೆಯೇ ಉಳಿದರು. ಇಂದಿಗೂ ಗಿಟಾರಿನವರಲ್ಲಿ ಈ ಎರಡು ಪಂಗಡಗಳಿವೆ; ಮೈಸೂರು ಬಾನಿ, ತಂಜಾವೂರು ಬಾನಿ ಎಂದು ನಮ್ಮಲ್ಲಿ ವಾದಿಸುವವರಷ್ಟೇ ಆವೇಶ ಅವರಿಗೂ ಇದೆ.

ಬಾನಿಯ ಮಾತು ಬಂತಾದ್ದರಿಂದ ವೀಣೆಗೆ ಬರುತ್ತೇನೆ. ಕನ್ನಡ ಓದುಗನಿಗೆ ಪಿಕಪ್ಪಿನ ಪ್ರಶ್ನೆ ನಿಜವಾಗಿ ತಟ್ಟುವುದು ಇಲ್ಲಿ. ಕೆಳದಿಯ ಅರಸ ಬಸವಪ್ಪ ನಾಯಕ 18ನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ರಾಜನೀತಿಯ ಜೊತೆಗೆ ಸಂಗೀತ, ನಾಟ್ಯಗಳಿಗೂ ಜಾಗವಿದೆ. ಆ ಕಾಲದ ಆಸ್ಥಾನಗಳಲ್ಲಿ, ಆಮೇಲೆ ವೀಣೆ ಶೇಷಣ್ಣನವರ ಕಾಲದ ಮೈಸೂರಿನಲ್ಲಿಯೂ, ವೀಣೆಯನ್ನು ಕೇಳುವವರು ವೀಣೆಯ ಹತ್ತಿರ ಕುಳಿತಿರುತ್ತಿದ್ದರು. ಮೀಟಿದ ಸ್ವರ ಅಡಗುತ್ತಿರುವಾಗಲೇ ತಂತಿಯನ್ನು ಎಳೆದು ತೆಗೆಯುವ ಗಮಕ ಅವರ ಕಿವಿಗೆ ತಲುಪುತ್ತಿತ್ತು. ಸಾವಿರ ಜನರ ಸಭಾಂಗಣದಲ್ಲಿ ಮೃದಂಗದ ಪಕ್ಕ ಕೂರಿಸಿದಾಗ ಆ ಎಳೆತ ಯಾರಿಗೆ ಕೇಳಿಸೀತು? ವೀಣೆಗೂ ಒಂದು ಕಿವಿ ಬೇಕಾಯಿತು.

ಗಿಟಾರಿನ ಪಿಕಪ್ಪನ್ನೇ ತಂದು ವೀಣೆಗೆ ಅಂಟಿಸಿದರೆ ಏನಾಗುತ್ತದೆ? ಸಾರಣಿ, ಪಂಚಮದ ತಂತಿಗಳು ಉಕ್ಕಿನವು. ಅವು ಖಣಖಣ ನುಡಿಯುತ್ತವೆ. ತಾಳದ ತಂತಿಗಳೂ ಉಕ್ಕಿನವೇ, ಅವೂ ಕೇಳಿಸುತ್ತವೆ. ಮಂದ್ರ, ಅನುಮಂದ್ರಗಳಿಗೆ ಹಿತ್ತಾಳೆ ಅಥವಾ ಕಂಚಿನ ತಂತಿ ಕಟ್ಟುವುದು ಹಳೆಯ ವಾಡಿಕೆ. ಪಿಕಪ್ಪಿನ ಮಟ್ಟಿಗೆ ಅವು ಇಲ್ಲದಂತೆಯೇ. ರಾಗ ಕೆಳಗಿಳಿದು ಮಂದ್ರಸ್ಥಾಯಿಯ ಗಾಂಭೀರ್ಯಕ್ಕೆ ಬಂದಾಗ ವಾದ್ಯ ಮೂಕವಾಗುತ್ತದೆ. ವೀಣೆಯ ದನಿ ಎಂದು ನಾವು ಕರೆಯುವುದರ ಅರ್ಧಭಾಗ ಅಲ್ಲೇ ಇದೆ ಎಂದು ನನ್ನ ಎಣಿಕೆ.

ಕುಡದ ಗತಿಯೂ ಅಷ್ಟೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಮನೆಗಳಿವೆ. ಅಲ್ಲಿ ಹಲಸಿನ ಮರ ಕೊರೆದು ಕುಡ ತೆಗೆಯುತ್ತಾರೆ. ಮೈಸೂರು ವೀಣೆಗೆ ಬೀಟೆಯ ಹೆಸರೂ ಇದೆ. ಹಲಗೆಯ ದಪ್ಪ, ಮರದ ಒಣಗು, ಬಡಿದಾಗಿನ ಸದ್ದು ಎಂದು ಅಷ್ಟೆಲ್ಲ ನೋಡಿ ಮಾಡಿದ ಕುಡ ಅಲುಗಿಸುವುದು ಗಾಳಿಯನ್ನು. ಪಿಕಪ್ಪಿಗೆ ಗಾಳಿ ಕೇಳಿಸದು. ಮರಕ್ಕೂ ಗಿಟಾರಿನ ದನಿಗೂ ಸಂಬಂಧವಿದೆಯೇ ಎಂದು ಗಿಟಾರಿನವರು ಜಗಳವಾಡುತ್ತಲೇ ಇದ್ದಾರೆ. ಗಟ್ಟಿ ಒಡಲಿನ ಗಿಟಾರಿನಲ್ಲಿ ಮರದ ಪಾಲು ಪಿಕಪ್ಪಿನ ಪಾಲಿನ ಮುಂದೆ ತೀರ ಚಿಕ್ಕದು ಎಂಬ ಪಕ್ಷವೇ ನನಗೆ ಸರಿ ಕಾಣುತ್ತದೆ. ಆದರೆ ವೀಣೆಯನ್ನು ಆ ಲೆಕ್ಕಕ್ಕೆ ತರಲಾಗದು. ಅದು ಟೊಳ್ಳು ವಾದ್ಯ.

ಆದ್ದರಿಂದ ಅನೇಕ ವೈಣಿಕರು ಕಾಂಟ್ಯಾಕ್ಟ್ ಮೈಕಿನ ಮೊರೆಹೋದರು. ಒತ್ತಿದರೆ ವಿದ್ಯುತ್ತು ಕೊಡುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡಿದ್ದರು. ಅಂಥ ಬಿಲ್ಲೆಯೊಂದನ್ನು ವೀಣೆಯ ಮೈಗೆ ಅಂಟಿಸಿದರೆ ಅದು ಮರದ ನಡುಕವನ್ನು ಹಿಡಿಯುತ್ತದೆ. ತಂತಿ ಉಕ್ಕೋ ಹಿತ್ತಾಳೆಯೋ ಎಂದು ಅದು ಕೇಳುವುದಿಲ್ಲ. ಅದರ ತೊಂದರೆ ಬೇರೆ: ಬೆರಳು ಮೆಟ್ಟಿಲಿಗೆ ತಾಗಿದ ಟಕಟಕ, ತಂತಿ ಉಜ್ಜಿದ ಕರಕರ, ಎಲ್ಲವನ್ನೂ ನಾದದ ಸಮಕ್ಕೆ ಎತ್ತಿ ಕೇಳಿಸುತ್ತದೆ. ಅಂಟಿಸಿದ ಜಾಗ ಒಂದು ಅಂಗುಲ ಸರಿದರೂ ದನಿ ಬೇರೆ. ಅದರ ತಗಡಿನಂಥ ದನಿ ಕೇಳಿ, ಇದಕ್ಕಿಂತ ಮೈಕಿಲ್ಲದ ವೀಣೆಯೇ ಮೇಲು ಎಂದು ರಸಿಕರು ಗೊಣಗಿದರೆ ಅದು ಸುಳ್ಳಲ್ಲ.

ಇದಕ್ಕೆ ಎದುರಾಗಿ ಮ್ಯಾಂಡೊಲಿನ್ ಶ್ರೀನಿವಾಸ್ (1969-2014) ಅವರ ನಿದರ್ಶನವಿದೆ. ಅವರು ಹಳೆಯ ಮ್ಯಾಂಡೊಲಿನ್ನಿನ ನಾಲ್ಕು ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದರು. ಮೀಟಿದೊಡನೆ ಸತ್ತುಹೋಗುತ್ತಿದ್ದ ಸ್ವರ, ಆಂಪ್ಲಿಫಯರಿನ ಬಲದಿಂದ ಗಮಕ ತೆಗೆಯುವಷ್ಟು ಹೊತ್ತು ಬದುಕಿ ಉಳಿಯಿತು. ಅಲ್ಲಿ ಪಿಕಪ್ ಇರುವ ದನಿಯನ್ನು ಬರೀ ಹಿಗ್ಗಿಸಲಿಲ್ಲ. ಕರ್ನಾಟಕ ಸಂಗೀತ ನುಡಿಸುವ ಯೋಗ್ಯತೆಯನ್ನೇ ವಾದ್ಯಕ್ಕೆ ಕೊಟ್ಟಿತು. ಬೆಂಗಳೂರಿನಲ್ಲಿ ರೇಡೆಲ್ ಸಂಸ್ಥೆ ಕಟ್ಟಿದ ಇಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯ ಜೊತೆಗೆ ವಿದ್ಯುನ್ಮಾನ ವೀಣೆಯನ್ನೂ ರೂಪಿಸಿದರು. ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಬಹುದಾದ ವೀಣೆ ಎಂದರೆ ಪ್ರಯಾಣದಲ್ಲಿ ಕುಡ ಒಡೆಸಿಕೊಂಡವರಿಗೆ ಅದರ ಬೆಲೆ ಗೊತ್ತು.

ಅಯಸ್ಕಾಂತದ ಪಿಕಪ್ಪನ್ನೇ ವೀಣೆಗೆ ಒಗ್ಗಿಸಿಕೊಂಡವರೂ ಇದ್ದಾರೆ. ಅವರು ಮೊದಲು ಮಾಡಬೇಕಾಗುವುದು ಮಂದ್ರದ ಹಿತ್ತಾಳೆ ತಂತಿ ಬಿಚ್ಚಿ ಉಕ್ಕಿನ ಎಳೆಯ ಸುತ್ತುತಂತಿ ಕಟ್ಟುವ ಕೆಲಸ. ಕಿವಿಗೆ ತಕ್ಕಂತೆ ಬಾಯಿ ಬದಲಾಗಬೇಕಾಯಿತು ಎನ್ನಿ. ಇಂಥ ವೀಣೆಯಲ್ಲಿ ಕುಡದ ಗುಂಗು ಬಹುಮಟ್ಟಿಗೆ ಕಾಣೆಯಾಗುತ್ತದೆ. ಆದರೂ ಕೇಳಿದೊಡನೆ ಇದು ಗಿಟಾರಲ್ಲ, ವೀಣೆ ಎಂದು ತಿಳಿಯುತ್ತದೆ. ಏಕೆ ಎಂಬುದಕ್ಕೆ ಉತ್ತರ ಸಿ. ವಿ. ರಾಮನ್ ಅವರಲ್ಲಿದೆ. ಬೆಂಗಳೂರಿಗೆ ಬರುವ ಮೊದಲು, 1921ರಲ್ಲಿ, ಅವರು ತಂಬೂರಿ ಮತ್ತು ವೀಣೆಗಳ ಕುದುರೆಯ ಬಗ್ಗೆ ಪ್ರಬಂಧ ಬರೆದಿದ್ದರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟುವುದೇ ಇಲ್ಲ ಎಂಬುದು ಯುರೋಪಿನ ವಿಜ್ಞಾನಿಗಳು ಒಪ್ಪಿದ್ದ ನಿಯಮ. ನಮ್ಮ ವಾದ್ಯಗಳಲ್ಲಿ ಅವು ಹುಟ್ಟುತ್ತವೆ, ಬಲವಾಗಿಯೇ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಗಿಟಾರಿನ ತಂತಿ ಚೂಪಾದ ಅಂಚಿನ ಮೇಲೆ ಕೂರುತ್ತದೆ. ವೀಣೆಯ ತಂತಿ ಕುದುರೆಯ ಮೇಲಿನ ಅಗಲವಾದ, ತುಸು ಬಾಗಿದ ಲೋಹದ ತಗಡನ್ನು ಸವರಿಕೊಂಡು ಹೊರಡುತ್ತದೆ. ಪ್ರತಿ ಕಂಪನದಲ್ಲಿಯೂ ಅದನ್ನು ತಾಗಿ ಬಿಡುತ್ತದೆ. ಆ ತಾಗಿ ಬಿಡುವಿಕೆ ನಡೆಯುವುದು ಮರದಲ್ಲಲ್ಲ, ಗಾಳಿಯಲ್ಲಲ್ಲ, ತಂತಿಯಲ್ಲಿಯೇ. ಹಾಗಾಗಿ ಉಕ್ಕಿನ ತಂತಿಯ ಅಲುಗಾಟವನ್ನಷ್ಟೇ ಅರಿಯುವ ಆ ಸುರುಳಿಗೂ ಅದು ಕೇಳಿಸುತ್ತದೆ.